ವಿಗ್ರಹಕ್ಕೆ ಐದು ಪದ

ಪಂಡಿತ ಕಲ್ಲೇಶಪ್ಪನವರು ಅರಸೀಕೆರೆಯ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಮೂರನೆಯ ವರ್ಷ, ಅಂದರೆ ೧೯೯೮ರಲ್ಲಿ, ಹಳೆಯ ಶಿಷ್ಯೆ ಚಿತ್ರಾ ಇಂಗ್ಲಿಷ್ ಹೇಳಿಸಿಕೊಳ್ಳಲು ಅವರ ಮನೆಗೆ ಬಂದಳು. ಬೇಲೂರು, ಹಳೇಬೀಡುಗಳ ದೇವಾಲಯ ತೋರಿಸುವ ಗೈಡುಗಳ ಆಯ್ಕೆ ನಡೆಯುವುದರಲ್ಲಿತ್ತು. ಹಿಂದಿನ ಸಲ ಅವಳು ಬಾಯಿ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಮುಂದಿನ ಸಲಕ್ಕೆ ವಯಸ್ಸು ಮೀರುತ್ತಿತ್ತು. ಉಳಿದದ್ದು ಇದೊಂದೇ ಅವಕಾಶ.

"ನನ್ನದು ಪುಸ್ತಕದ ಇಂಗ್ಲಿಷು ಕಣಮ್ಮ," ಎಂದರು ಪಂಡಿತರು.

"ನನ್ನದು ಅದೂ ಅಲ್ಲ ಸರ್," ಎಂದಳು ಚಿತ್ರಾ.

ಪಂಡಿತರು ಮಠದ ಪಾಠಶಾಲೆಯಲ್ಲಿ ಬೆಳೆದವರು. ಅಲ್ಲಿ ಒಂದೇ ಅರ್ಥದ ಪದಗಳನ್ನೆಲ್ಲ ಒಂದೊಂದು ಶ್ಲೋಕದಲ್ಲಿ ಪೋಣಿಸಿ ಕಂಠಪಾಠ ಮಾಡಿಸುತ್ತಿದ್ದರು. ಇಂಗ್ಲಿಷಿಗೂ ಅದೇ ಹಾದಿಯೆಂದು ಅವರು ನಿಶ್ಚಯಿಸಿದರು. ಇಂಗ್ಲಿಷ್–ಕನ್ನಡ ಕೋಶವನ್ನು ತೆರೆದು, 'ವಿಗ್ರಹ' ಎಂಬ ಅರ್ಥ ಕಂಡಲ್ಲೆಲ್ಲ ಗುರುತು ಹಾಕಿ, ಅನುಷ್ಟುಪ್ ಛಂದಸ್ಸಿನಲ್ಲಿ ಕಟ್ಟಿಕೊಟ್ಟರು:

"ಐಡಲ್ ಸ್ಟ್ಯಾಚ್ಯೂ ತಥೇಮೇಜಃ ಸ್ಕಲ್ಪ್‌ಚರ್ ಫಿಗರ್ ಚ ಪಂಚಧಾ."

ಹೀಗೆ ಅರವತ್ತು ಶ್ಲೋಕಗಳಾದವು. ಚಿತ್ರಾಳ ತಂದೆ ಗಿಡ್ಡಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವನು. ಒಂದು ದಿನ ದಾರಿಯಲ್ಲಿ ಸಿಕ್ಕಿ ನಗುತ್ತ ಹೇಳಿದ: "ಮೇಷ್ಟ್ರೇ, ಬುದ್ಧವಂದನೆ ಮುಗಿಯೋ ಹೊತ್ಗೆ ನಮ್ಮನೇಲಿ ನಿಮ್ಮ ಇಂಗ್ಲಿಷ್ ಮಂತ್ರ ಸುರುವಾಯ್ತೈತೆ. ಯಾವ ದೇವ್ರು ಬತ್ತಾನೋ ಗೊತ್ತಿಲ್ಲ."

ಪರೀಕ್ಷೆಗೆ ಒಂದು ವಾರವಿರುವಾಗ ಪಂಡಿತರು, ಚಿತ್ರಾ, ಗಿಡ್ಡಪ್ಪ ಮೂವರೂ ಜಾವಗಲ್ ಮಾರ್ಗದ ಬಸ್ಸಿನಲ್ಲಿ ಹಳೇಬೀಡಿಗೆ ಹೋದರು. ಪಂಡಿತರು ಮೊದಲು ಒಳಗೆ ಹೋಗಿ, ಲಿಂಗದ ಎದುರು ಬಹಳ ಹೊತ್ತು ಕಣ್ಣು ಮುಚ್ಚಿ ಕೈ ಮುಗಿದು ನಿಂತರು. ಆಮೇಲೆ ಹೊರಗೋಡೆಯ ಬಳಿ ಚಿತ್ರಾ ಅಭ್ಯಾಸಕ್ಕೆ ತೊಡಗಿದಳು. ಆನೆಗಳ ಸಾಲು, ಕುದುರೆಗಳ ಸಾಲು, ಮೇಲೆ ನರ್ತಿಸುವ ದೇವತೆಗಳು. ನರೆಗೂದಲಿನ ಒಬ್ಬ ವಿದೇಶಿ ಹೆಂಗಸು ಟಿಪ್ಪಣಿ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು. ಚಿತ್ರಾ ಪ್ರತಿಯೊಂದನ್ನೂ 'ಐಡಲ್' ಎನ್ನುವುದನ್ನು ಕೇಳಿ, "ಇಷ್ಟಕ್ಕೂ ನಿತ್ಯ ಪೂಜೆ ನಡೆಯುತ್ತದೆಯೆ?" ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು.

"ಐಡಲ್, ಸ್ಟ್ಯಾಚ್ಯೂ, ಇಮೇಜ್, ಎಲ್ಲ ಒಂದೇ ಮೇಡಂ," ಎಂದಳು ಚಿತ್ರಾ.

ಹೆಂಗಸು ತಲೆಯಲ್ಲಾಡಿಸಿದಳು. ತನ್ನ ಅಜ್ಜಿಯ ಬಾಯಲ್ಲಿ ಐಡಲ್ ಎಂದರೆ ಪರರ ಸುಳ್ಳು ದೇವರು ಎಂದಳು. ಆ ಮಾತು ಬಂದಾಗ ಅಜ್ಜಿ ಮುಖ ಸಿಂಡರಿಸುತ್ತಿದ್ದಳಂತೆ. ಈ ಗೋಡೆಗೆ ಆ ಪದ ಬೇಡವೆಂದು ಮೆಲ್ಲನೆ ಹೇಳಿ ಮುಂದೆ ನಡೆದಳು.

ಪಂಡಿತರ ಮುಖ ಬಿಳುಪೇರಿತು. ತಾವು ಮೂರು ಹೊತ್ತು ಪೂಜಿಸುವ ಮೂರ್ತಿಗೆ ಬೈಗುಳದಂಥ ಪದವನ್ನು ತಾವೇ ಶ್ಲೋಕದ ಮೊದಲಿಗೆ ಕೂರಿಸಿದ್ದರು.

"ಎಲ್ಲ ಒಂದೇ ಆಗಿದ್ರೆ ಅವರು ಐದು ಪದ ಯಾಕೆ ಇಟ್ಕೋತಿದ್ರು ಸರ್?" ಎಂದಳು ಚಿತ್ರಾ.

"ಕೋಶದಲ್ಲಿ ಎಲ್ಲಕ್ಕೂ ವಿಗ್ರಹ ಅಂತಲೇ ಇದೆಯಲ್ಲಮ್ಮ."

"ಕೋಶ ಬಿಡಿ. ನೀವು ಒಳಗೆ ಅಷ್ಟು ಹೊತ್ತು ಕೈ ಮುಗಿದ್ರಿ. ಇಲ್ಲಿ ಈ ಗೋಡೆ ಮೇಲೂ ಶಿವ ಇದ್ದಾನೆ. ಇವನಿಗೆ ಯಾಕೆ ಮುಗೀಲಿಲ್ಲ?"

ಪಂಡಿತರು ಗೋಡೆಯ ಶಿವನನ್ನು ನೋಡಿದರು. ಅವನ ಒಂದು ಕೈ ಮುರಿದಿತ್ತು. ಪ್ರತಿಷ್ಠೆಯಾದದ್ದು ಬೇರೆ, ಅಲಂಕಾರಕ್ಕೆ ಕಡೆದದ್ದು ಬೇರೆ ಎಂಬುದನ್ನು ಅವರು ಬಾಲ್ಯದಿಂದ ಬಲ್ಲರು. ಆದರೆ ಪದಗಳನ್ನು ಪೋಣಿಸುವ ಭರದಲ್ಲಿ ಆ ಅರಿವನ್ನು ಬಳಿಗೇ ಬಿಟ್ಟುಕೊಂಡಿರಲಿಲ್ಲ.

ಹುಲ್ಲಿನ ಮೇಲೆ ಕುಳಿತು ಇಬ್ಬರೂ ಶ್ಲೋಕವನ್ನು ಬಿಚ್ಚಿದರು. ಗೋಡೆಯ ಕೆತ್ತನೆಯೆಲ್ಲ ಸ್ಕಲ್ಪ್‌ಚರ್. ಅದರೊಳಗಿನ ಒಬ್ಬೊಬ್ಬ ವ್ಯಕ್ತಿಯೂ ಫಿಗರ್. ಸರ್ಕಲ್ಲಿನಲ್ಲಿ ಒಂಟಿಯಾಗಿ ನಿಲ್ಲುವವರು ಸ್ಟ್ಯಾಚ್ಯೂ. ಗರ್ಭಗುಡಿಯಲ್ಲಿರುವುದು ಪೂಜೆಗೊಳ್ಳುವ ಇಮೇಜ್. ಐಡಲ್ ಅನ್ನು ಪಂಡಿತರು ತಮ್ಮ ಕೈಯಿಂದಲೇ ಹೊಡೆದುಹಾಕಿದರು.

"ನಮ್ಮನೆ ಬುದ್ಧ?" ಎಂದ ಗಿಡ್ಡಪ್ಪ. "ಹೂ ಇಡ್ತೀವಿ, ದೀಪ ಹಚ್ತೀವಿ. ಆದ್ರೆ ದೇವ್ರಲ್ಲ ಕಣ್ರೀ. ಏನೂ ಬೇಡಾಕಿಲ್ಲ."

ಪಂಡಿತರು ಬಹಳ ಯೋಚಿಸಿ, "ನನಗೆ ತಿಳಿಯದು ಗಿಡ್ಡಪ್ಪ," ಎಂದರು.

"ಬಿಡಿ, ಅದ್ಕೂ ಒಂದು ಶ್ಲೋಕ ಕಟ್ಟಿಬಿಟ್ಟೀರಿ," ಎಂದು ಗಿಡ್ಡಪ್ಪ ನಕ್ಕ. ಪಂಡಿತರೂ ನಕ್ಕರು.

ಪರೀಕ್ಷೆ ಬೇಲೂರಿನಲ್ಲಿ ನಡೆಯಿತು. ತಂದೆಯೂ ಗುರುವೂ ದೂರದ ಕಲ್ಲುಹಾಸಿನ ಮೇಲೆ ಕಾದರು. ಚಿತ್ರಾ ಗೋಡೆಯ ಮುಂದೆ ಕೈಚಾಚಿ ವಿವರಿಸುವುದು, ಪರೀಕ್ಷಕರು ಬರೆದುಕೊಳ್ಳುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಗುಡಿಯ ಬಾಗಿಲ ಬಳಿ ಒಬ್ಬರು ಏನೋ ಕೇಳಿದಾಗ ಅವಳು ಚಾಚಿದ ಕೈ ಇಳಿಸಿ ಒಳಗಡೆ ತಿರುಗಿ ನೋಡಿದಳು. ಆಮೇಲೆ ಒಂದೆರಡು ಮಾತಾಡಿ ಇವರತ್ತ ಬಂದಳು.

"ಏನು ಕೇಳಿದರು?" ಎಂದರು ಪಂಡಿತರು.

"ಒಳಗಿರೋ ಇಮೇಜು ದೇವರು ಅಂತ ನೀನು ಬಿಲೀವ್ ಮಾಡ್ತೀಯಾ ಅಂದ್ರು."

"ನೀನೇನಂದೆ?"

"ಬಿಲೀವ್ ಮಾಡಲ್ಲ, ರೆಸ್ಪೆಕ್ಟ್ ಮಾಡ್ತೀನಿ ಅಂದೆ. ನಂಬೋರು ಪೂಜೆ ಮಾಡ್ತಿರುವಾಗ ನನ್ನ ಜೊತೆ ಬಂದವರನ್ನ ಸದ್ದಿಲ್ದೆ ನಿಲ್ಲಿಸ್ತೀನಿ ಅಂದೆ."

ಗಿಡ್ಡಪ್ಪ ತಲೆಯ ಮೇಲೆ ಕೈ ಇಟ್ಟ. "ಯಾಕವ್ವಾ ಹಂಗಂದೆ? ನಂಬ್ತೀನಿ ಅಂದಿದ್ರೆ ಏನಾಯ್ತಿತ್ತು? ಇನ್ನೊಂದು ಸಲ ಕರೆಯಾಕಿಲ್ಲ ಅವ್ರು."

ಚಿತ್ರಾ ಗುರುವಿನ ಮುಖ ನೋಡಿದಳು. ಮನೆಯಲ್ಲಿ ಬುದ್ಧನಿದ್ದರೂ ತಮ್ಮ ದೇವರನ್ನೂ ಅವಳು ನಂಬುತ್ತಾಳೆಂದೇ ಪಂಡಿತರು ಇಷ್ಟು ದಿನ ಎಣಿಸಿದ್ದರು; ಕೇಳಿದ್ದೇ ಇಲ್ಲ. ಒಳಗೆಲ್ಲೋ ಚುಚ್ಚಿತು. ಆದರೂ ಆ ಎರಡು ಪದಗಳನ್ನು ಅವಳು ಬೇರ್ಪಡಿಸಿದ ರೀತಿಯಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅವಳು ಹೇಳಿದ್ದು ಸರಿ ಗಿಡ್ಡಪ್ಪ," ಎಂದರು. "ಸುಳ್ಳು ಹೇಳಿ ಈ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಮನೆಗೆ ಹೋಗುವುದು ಮೇಲು."

ಇಪ್ಪತ್ತು ದಿನಗಳ ಮೇಲೆ ಆಯ್ಕೆಯ ಪಟ್ಟಿ ಬಂತು. ಒಂಬತ್ತು ಹೆಸರುಗಳಲ್ಲಿ ಚಿತ್ರಾಳದು ಕೊನೆಯದು. ಗಿಡ್ಡಪ್ಪ ಒಂದು ಪೊಟ್ಟಣ ಮೈಸೂರುಪಾಕು ಹಿಡಿದು ಪಂಡಿತರ ಮನೆಗೆ ಬಂದು, ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತ. ಪಂಡಿತರು ಅವನ ಕೈ ಹಿಡಿದು ಒಳಗೆ ಕರೆದು, ತಮ್ಮ ಪಕ್ಕದ ಮಣೆಯ ಮೇಲೆ ಕೂರಿಸಿಕೊಂಡು, ಪೊಟ್ಟಣ ಬಿಚ್ಚಿ ಮೊದಲ ತುಂಡನ್ನು ಬಾಯಿಗೆ ಹಾಕಿಕೊಂಡರು.