ಬಿಚ್ಚದ ಉಡದಾರ

ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವಾಗ ಅವರ ಮೈಮೇಲೆ ಭಾರದ ವಸ್ತು ಇರಬಾರದು. ತರಬೇತಿಯ ಮೊದಲ ದಿನವೇ ಹೇಳಿಕೊಟ್ಟ ಪಾಠವಿದು. ಬೇರೆ ಊರಿನ ಕಾರ್ಯಕರ್ತೆಯರಿಗೆ ನಾನೇ ಎಷ್ಟೋ ಸಲ ಜಂಬದಿಂದ ಹೇಳಿದ್ದೇನೆ. ಆದರೂ ಲಗಮವ್ವನ ಮೊಮ್ಮಗಳನ್ನು ಮೂರು ತಿಂಗಳು ಬೆಳ್ಳಿಯ ಸಮೇತ ತೂಗಿದೆ.

ನಮ್ಮೂರು ಚಿಂಚಲಿಗೆ ಹತ್ತಿರ. ಲಗಮವ್ವನ ಮಗ ಬೀರದೇವ ಮತ್ತು ಸೊಸೆ ರಾಜೇಶ್ವರಿ ದೀಪಾವಳಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಊರು ಬಿಟ್ಟರೆ ಮಳೆಗಾಲಕ್ಕೇ ಮರಳುವವರು. ಎರಡು ಸಾವಿರದ ಹನ್ನೆರಡರಲ್ಲಿ ಅವರು ಎರಡೂವರೆ ವರ್ಷದ ಮಗಳು ಹೊಳೆವ್ವನನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದರು. ಅವಳಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಹಾಗಾಗಿ ಇವಳ ಸೊಂಟಕ್ಕೆ ಚಿಂಚಲಿಯ ದೇವಿ ಮಾಯಕ್ಕನ ಹೆಸರಿನಲ್ಲಿ ಬೆಳ್ಳಿಯ ಉಡದಾರ, ಕಾಲಿಗೆ ದಪ್ಪ ಕಡಗ. ಐದು ವರ್ಷ ತುಂಬುವವರೆಗೆ ತೆಗೆಯುವುದಿಲ್ಲವೆಂದು ಹರಕೆ.

ತೂಗುವ ಮುಂಚೆ ಬಿಚ್ಚಿಸಬೇಕಿತ್ತು. ನನಗೆ ಧೈರ್ಯ ಬರಲಿಲ್ಲ. ನಾನು ಸಾರಿಕಾ, ಭೀಮನಗರದವಳು, ಮನೆಯಲ್ಲಿ ಬುದ್ಧನ ಫೋಟೋ ಇಟ್ಟವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಓಣಿಯವರು ಎರಡು ವರ್ಷ ತಮ್ಮ ಮಕ್ಕಳಿಗೆ ನನ್ನ ಕೈಯ ಉಪ್ಪಿಟ್ಟು ತಿನ್ನಲು ಬಿಟ್ಟಿರಲಿಲ್ಲ. ಈಗ ಅವರ ದೇವರ ಬೆಳ್ಳಿಗೆ ಕೈ ಹಾಕಿದರೆ ಕೇಂದ್ರ ಮತ್ತೆ ಖಾಲಿಯಾಗುತ್ತದೆ ಎಂದುಕೊಂಡೆ. ಹಾಗಂತ ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡೆ.

ನಮ್ಮ ಚಾರ್ಟಿನಲ್ಲಿ ಕೆಂಪು ಪಟ್ಟಿಯೊಂದಿದೆ. ಮಗುವಿನ ತೂಕ ಅದರೊಳಗೆ ಬಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ. ಅಲ್ಲಿ ಎರಡು ವಾರ ಇಟ್ಟುಕೊಂಡು ಹಾಲು, ಔಷಧಿ ಕೊಟ್ಟು ಚೇತರಿಸುತ್ತಾರೆ. ಮೊದಲ ತಿಂಗಳು ಹೊಳೆವ್ವನ ತೂಕ ಕೆಂಪಿನಿಂದ ಸ್ವಲ್ಪ ಮೇಲೆ, ಹಳದಿಯಲ್ಲಿ ನಿಂತಿತು. ಸದ್ಯ ಬಚಾವಾದೆ ಎಂದು ಬರೆದುಕೊಂಡೆ.

ಎರಡನೆಯ ತಿಂಗಳು ಲಗಮವ್ವ ಬಾಗಿಲಲ್ಲೇ ನಿಂತು ಅಂದಳು: "ಅಕ್ಕೋರ, ಕೂಸ ಹಗೂರ ಆಗಾಕತ್ತೈತ್ರಿ. ಎತ್ತಿದ್ರ ಬರೇ ಬುಟ್ಟಿ ಎತ್ತಿದಂಗ ಆಗತೈತಿ."

"ಕೈಗೇನ ತಿಳೀತೈತ್ರಿ ಆಯಿ? ಕಾಟಾ ಸುಳ್ಳ ಹೇಳಂಗಿಲ್ಲ. ನೋಡ್ರಿ, ನೂರ ಗ್ರಾಂ ಏರೇತಿ."

ಆಕೆ ಕಾಟಾದ ಮುಳ್ಳನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಮಾತು ನಂಬಿದರೂ ಮನಸ್ಸು ತಡೆಯದೆ ಚಿಂಚಲಿಗೆ ನಡೆದು ಹೋಗಿ ದಪ್ಪ ತಾಮ್ರದ ತಾಯತಗಳ ಗೊಂಚಲೊಂದನ್ನು ತಂದು ಉಡದಾರಕ್ಕೆ ಪೋಣಿಸಿದಳು. ಹಿಂದಿನ ತಿಂಗಳೂ ಒಂದು ತಂದಿದ್ದಳಂತೆ. ಕೂಸು ಸೊರಗಿದಷ್ಟೂ ತಾಯತ ಹೆಚ್ಚಿದವು, ತಾಯತ ಹೆಚ್ಚಿದಷ್ಟೂ ನನ್ನ ಚಾರ್ಟಿನ ಗೆರೆ ಮೇಲೇರಿತು. ಮೂರನೆಯ ತಿಂಗಳು ಮೇಲ್ವಿಚಾರಕಿ ಬಂದಾಗ ಆ ಗೆರೆ ತೋರಿಸಿ ಶಾಬಾಸಗಿರಿ ತೆಗೆದುಕೊಂಡೆ. ನೆನೆಸಿದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅದಾದ ಮರುವಾರ ಹೊಳೆವ್ವ ಭೇದಿ ಮಾಡಿಕೊಂಡಳು. ಸಹಾಯಕಿ ಸುಂದರಾ ತೊಳೆಯಲೆಂದು ನಳದ ಬಳಿ ನಿಲ್ಲಿಸಿದಳು. ಯಾರೂ ಗಂಟು ಬಿಚ್ಚಲಿಲ್ಲ, ಎಳೆಯಲೂ ಇಲ್ಲ. ಉಡದಾರ ತಾನಾಗಿ ಸೊಂಟದಿಂದ ಜಾರಿ ಪಾದದ ಸುತ್ತ ಬಿತ್ತು.

"ಅಕ್ಕೋರ, ಇಲ್ಲಿ ಬರ್ರಿ ಲಗೂನ!" ಎಂದು ಸುಂದರಾ ಕೂಗಿದಳು.

ಕಡಗ ತೆಗೆದು ಬರಿಮೈಯಲ್ಲಿ ತೂಗಿದೆ. ಎಂಟು ಕಿಲೋ ಏಳುನೂರು. ಹಿಂದಿನ ವಾರ ಬರೆದದ್ದು ಒಂಬತ್ತೂವರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಎದುರಿಗಿದ್ದ ಕೂಸಿನ ಮೋರೆ ಬಿಟ್ಟು ನಾನು ಮೂರು ತಿಂಗಳು ಮುಳ್ಳು ನೋಡಿದ್ದೆ. ಆಗಲಾದರೂ ಬುದ್ಧಿ ಬಂತೇ? ಲಗಮವ್ವ ಬರುವ ಮೊದಲೇ ಉಡದಾರವನ್ನು ಬಿಗಿಯಾಗಿ ಕಟ್ಟಿ, ಕಡಗ ತೊಡಿಸಿಬಿಟ್ಟೆ. ಸುಂದರಾ ಬೇರೆ ಕಡೆ ನೋಡಿದಳು.

ರಾಯಬಾಗದ ಆಸ್ಪತ್ರೆಗೆ ಒಯ್ದೆವು, ಅಲ್ಲಿಂದ ಅವತ್ತೇ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಾನೂ ಹೋದೆ. ಅಲ್ಲಿ ನರ್ಸು ಸೂಜಿ ಹಾಕುವ ಮುಂಚೆ, "ಇವನ್ನೆಲ್ಲ ತೆಗೀರಿ" ಅಂದಳು. ಹರಕೆಯ ವಿಷಯ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಲಗಮವ್ವ "ಮಾಯವ್ವಾ" ಎಂದು ಒಮ್ಮೆ ಕೈ ಮುಗಿದಳು. ಉಡದಾರ ಬಿಚ್ಚಿದಳು. ಕಡಗ ಕಳಚಿದಳು. ಎಲ್ಲವನ್ನೂ ನನ್ನ ಉಡಿಯಲ್ಲಿ ಹಾಕಿ, "ಹಿಡೀರಿ ಅಕ್ಕೋರ" ಅಂದಳು. ನಾನು ಮೂರು ತಿಂಗಳು ಹೆದರಿದ್ದ ಕೆಲಸ ಅಷ್ಟರಲ್ಲಿ ಮುಗಿದಿತ್ತು.

ಐದನೆಯ ದಿನ ಹೊಳೆವ್ವ ತೀರಿಕೊಂಡಳು. ಇನ್ನಷ್ಟು ಮೊದಲೇ ಕರೆತಂದಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರು.

ಬೆಳ್ಳಿ ನನ್ನ ಹತ್ತಿರವೇ ಉಳಿದಿತ್ತು. ಮಣ್ಣು ಮಾಡಿದ ಮೂರನೆಯ ದಿನ ಕೊಡಲು ಹೋದೆ. ಬೀರದೇವ, ರಾಜೇಶ್ವರಿ ಸುದ್ದಿ ಕೇಳಿ ಬಂದು ಒಳಗೆ ಮಲಗಿದ್ದರು. ಲಗಮವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಗಂಟನ್ನು ಮುಂದಿಟ್ಟು ಎಲ್ಲ ಹೇಳಿದೆ. ಸುಳ್ಳು ಹೇಳಿ ಬದುಕಬಹುದಿತ್ತು, ಆದರೆ ಆಕೆ ತನ್ನ ಹರಕೆಯಲ್ಲೇ ಏನೋ ತಪ್ಪಾಯಿತೆಂದು ಊರಿಗೆಲ್ಲ ಹೇಳಿಕೊಂಡು ಅಳುತ್ತಿದ್ದಳು.

"ತೂಕ ಏರಿದ್ದು ಕೂಸಿಂದಲ್ರಿ ಆಯಿ. ಈ ಬೆಳ್ಳೀದು, ತಾಯತದ್ದು. ನಾ ಬಿಚ್ಚಿಸಿ ತೂಗಬೇಕಿತ್ತು. ನಿಮ್ಮ ದೇವರ ಮ್ಯಾಲ ನನ್ನ ಕೈ ಬಿದ್ರ ನೀವು ಸಿಟ್ಟಾಗ್ತೀರಿ ಅಂತ ಹೆದರಿದೆ."

ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತೆ. ಲಗಮವ್ವ ಗಂಟಿನ ಕಡೆ ನೋಡಲೇ ಇಲ್ಲ. ನನ್ನ ಮೋರೆಯನ್ನೇ ನೋಡಿದಳು.

"ಒಂದ ಮಾತ ಕೇಳಬೇಕಿತ್ತಲ್ಲವ್ವಾ," ಅಂದಳು. "ಬಿಚ್ಚ ಅಂದಿದ್ರ ನಾನ ಬಿಚ್ಚತಿದ್ದೆ."