ಬಂದೂಕಿಗೆ ಹಾಕಿದ ಜೀನು

"ತೂತು ಹೊಡಿಯಂಗಿಲ್ಲ ಕಾಕಾ," ಎಂದು ಲಕ್ಷ್ಮಿಕಾಂತ ಡ್ರಿಲ್ ಮಷೀನಿನ ಸ್ವಿಚ್ಚು ಆರಿಸಿದ. ಬಂದೂಕಿನ ನಳಿಗೆಯ ಮೇಲೆ ತಾನೇ ಸೀಮೆಸುಣ್ಣದಿಂದ ಇಟ್ಟಿದ್ದ ನಾಲ್ಕು ಚುಕ್ಕೆಗಳನ್ನು ಹೆಬ್ಬೆರಳಿನಿಂದ ಒರೆಸಿಹಾಕಿದ.

ಗೊಲ್ಲಾಳಪ್ಪ ಸ್ಟೂಲಿನಿಂದ ಅರ್ಧ ಎದ್ದು ಮತ್ತೆ ಕೂತ. ಆಡಕಿಯಿಂದ ಎರಡು ಬಸ್ಸು ಬದಲಿಸಿ ಶಹಾಬಾದಿನ ಈ ಲೇಥ್ ಅಂಗಡಿಗೆ ಬಂದಿದ್ದ. ಒಂಟಿ ನಳಿಗೆಯ ಬಂದೂಕನ್ನು ಬಿಚ್ಚಿ ಕಂಬಳಿಯಲ್ಲಿ ಸುತ್ತಿಕೊಂಡಿದ್ದ. ಲೈಸೆನ್ಸಿನ ಪುಸ್ತಕ ಒಳಜೇಬಿನಲ್ಲಿತ್ತು. ಸೋದರಳಿಯ ಹೈದರಾಬಾದಿನಿಂದ ತಂದುಕೊಟ್ಟ, ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಚೀಲದಲ್ಲಿತ್ತು.

"ಮತ್ತ ಇದು ಹ್ಯಾಂಗ ಕುಂದ್ರಬೇಕು?"

"ಇದಕ್ಕ ಕಂಪನ್ಯಾಗ ತೂತು ಹಾಕಿ ಕಳಿಸಿಲ್ಲ. ನಿಮ್ಮಪ್ಪನ ಕಾಲದ್ದು. ಮುಂದ ಹೋದಂಗ ನಳಿಗಿ ತೆಳ್ಳಗಾಗ್ಯದ ನೋಡ್ರಿ. ನಾ ಕೊರದು, ನಾಳಿ ಅದು ಅಲ್ಲೇ ಬಿರದ್ರ ನಿಮ್ಮ ಕಣ್ಣೇ ಹೋಗ್ತಾವ."

"ಈಗ ಅದಾವಂತ ಯಾರಂದ್ರು? ಒಂದು ಆಪರೇಷನ್ ಆಗ್ಯದ, ಇನ್ನೊಂದು ಪಾಳಿ ಹಚ್ಚಿ ನಿಂತದ."

ಲಕ್ಷ್ಮಿಕಾಂತ ನಕ್ಕ. ಫರಸಿ ಕಲ್ಲು ಪಾಲಿಶ್ ಮಾಡುವ ಮಷೀನುಗಳ ಬಿಡಿಭಾಗ ಕಡೆದು ಕಡೆದು ಅವನ ಬೆರಳುಗಳು ಕಪ್ಪಾಗಿದ್ದವು. ಆ ಬೆರಳುಗಳಿಂದ ನಳಿಗೆಯನ್ನು ಹಿಂದಿನಿಂದ ಮುಂದಕ್ಕೆ ಸವರಿದ.

"ಕುದುರಿ ಮ್ಯಾಲ ಕುಂದ್ರಲಾಕ ಕುದುರಿಗಿ ಯಾರರ ತೂತು ಹೊಡೀತಾರೇನ್ರಿ? ಜೀನು ಹಾಕ್ತಾರ. ಇದಕೂ ಒಂದು ಜೀನು ಮಾಡೋಣ."

ಒಂದು ಅಲ್ಯೂಮಿನಿಯಂ ತುಂಡನ್ನು ಲೇಥಿಗೆ ಕಚ್ಚಿಸಿದ. ನಳಿಗೆಯ ಇಳಿಜಾರಿಗೆ ಸರಿಹೊಂದುವಂತೆ ಒಳಗಿನಿಂದ ಕೂದಲೆಳೆಯಷ್ಟು ಓರೆಯಾಗಿ ಕಡೆದ. ಬಳೆಯಾದ ಅದನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದ. ನಳಿಗೆಗೆ ಗೀರು ಬೀಳದಿರಲೆಂದು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲಿನ ಹೋಳಿಗೆ ದುರ್ಬೀನನ್ನು ಕೂರಿಸಿ, ಹೋಳುಗಳನ್ನು ಮೇಲೆ ಕೆಳಗೆ ಇಟ್ಟು ಎರಡು ತಿರುಪಿನಿಂದ ಬಿಗಿದ. ತಿರುಪುಗಳಿಗೆ ಕೈಯಿಂದ ತಿರುಗಿಸುವಂಥ ಅಗಲವಾದ ಕಿವಿಗಳಿದ್ದವು.

"ಬ್ಯಾಡಾದಾಗ ಬಿಚ್ಚಿ ಇಡ್ರಿ. ಬಂದೂಕಿಗಿ ಗೊತ್ತೇ ಆಗಂಗಿಲ್ಲ," ಎಂದ. ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದ, "ಹಂದಿ ಹೆದರಸ್ಲಾಕ ಮ್ಯಾಲ ಹಾರಸ್ತೀರಿ ಅಂತೀರಿ. ಮುಗಲಿಗಿ ಗುಂಡು ಹೊಡಿಯಾಕ ದುರ್ಬೀನು ಯಾಕ್ರಿ?"

ಗೊಲ್ಲಾಳಪ್ಪ ಬಂದೂಕನ್ನು ಕಂಬಳಿಯಲ್ಲಿ ಸುತ್ತತೊಡಗಿದ. ಲಕ್ಷ್ಮಿಕಾಂತ ಮತ್ತೆ ಕೇಳಲಿಲ್ಲ. ಹಾಗೆ ಕೇಳದೆ ಬಿಟ್ಟದ್ದಕ್ಕೆ ಗೊಲ್ಲಾಳಪ್ಪನಿಗೆ ಅವನ ಕೈ ಹಿಡಿದುಕೊಳ್ಳಬೇಕೆನಿಸಿತು.

ಮೂರು ವಾರದ ಹಿಂದಿನ ಮಾತು. ಗಾಳಿಯಲ್ಲಿ ಹಾರಿಸಿದ ಸಪ್ಪಳಕ್ಕೆ ಹಂದಿಗಳು ಹೆದರುವುದನ್ನೇ ಬಿಟ್ಟಿದ್ದವು. ಹೊತ್ತು ಮುಳುಗುವ ಸಮಯ. ಕಾಯಿ ತುಂಬಿದ ತೊಗರಿ ಸಾಲಿನೊಳಗೆ ಕರ್ರಗಿನದೊಂದು ಅಲುಗಾಡಿತು. ಹಂದಿಗಳು ಎರಡು ಎಕರೆ ಉತ್ತುಬಿಟ್ಟಿದ್ದ ಸಿಟ್ಟು ಅವನಲ್ಲಿತ್ತು. ಅಂದು ಮೊದಲ ಸಲ ನಳಿಗೆಯನ್ನು ಕೆಳಗಿಳಿಸಿದ. ಬಂದೂಕಿನ ಕುದುರೆಯ ಮೇಲೆ ಬೆರಳು ಬಿಗಿಯುವಷ್ಟರಲ್ಲಿ ಆ ಕರ್ರಗಿನದು ಕೆಮ್ಮಿತು. ಮನುಷ್ಯರ ಕೆಮ್ಮು. ಬದುವಿನ ಹುಲ್ಲು ಕೊಯ್ಯಲು ಬಂದಿದ್ದ ಭೀಮಬಾಯಿ. ಅವಳು ಇವನನ್ನು ನೋಡಲೇ ಇಲ್ಲ. ಹೊರೆ ಹೊತ್ತು ಹೊರಟುಹೋದಳು. ಅವನು ಯಾರಿಗೂ ಹೇಳಲಿಲ್ಲ. ಊಟಕ್ಕೆ ಕೂತಾಗ, ದನಕ್ಕೆ ನೀರಿಡುವಾಗ ಆ ಕೆಮ್ಮು ನೆನಪಾಗಿ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ. ಕಾಯದಿದ್ದರೆ ಬೆಳೆ ಉಳಿಯದು. ಕಾಯುವುದಾದರೆ, ಅಲುಗಾಡುವುದು ಏನೆಂದು ಮೊದಲು ಕಾಣಬೇಕು. ದುರ್ಬೀನು ಬೇಕಾದದ್ದು ಅದಕ್ಕೆ.

ಲೇಥ್ ಅಂಗಡಿಗೆ ಹೋಗಿಬಂದ ಮರುದಿನ ಸಂಜೆ ಬಿಸಿಲು ಇನ್ನೂ ಇರುವಾಗಲೇ ಹೊಲಕ್ಕೆ ಹೋದ. ಬಂದೂಕಿಗೆ ತುಂಬುವ ತೋಟಾ ಜೇಬಿನಲ್ಲೇ ಇತ್ತು. ಖಾಲಿ ಬಂದೂಕನ್ನು ಭುಜಕ್ಕಾನಿಸಿ, ಲಕ್ಷ್ಮಿಕಾಂತ ಹೇಳಿದಂತೆ ಗಾಜಿನಿಂದ ನಾಲ್ಕು ಬೆರಳು ದೂರ ಬಿಟ್ಟು ಕಣ್ಣಿಟ್ಟ. ಮೊದಲು ಬರೀ ಮಂಜು. ಆಮೇಲೆ ತೊಗರಿ ಕಾಯಿಯೊಂದು ಕಣ್ಣ ಮುಂದೆಯೇ ಬಂದು ನಿಂತಿತು. ಅದರ ಮೇಲೆ ಹರಿಯುತ್ತಿದ್ದ ಹುಳ ಸಹ ಕಂಡಿತು. ಎಷ್ಟೋ ವರ್ಷಗಳಿಂದ ತನ್ನ ಹೊಲವನ್ನೇ ತಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಸಾಲಿನಿಂದ ಸಾಲಿಗೆ ನಿಧಾನವಾಗಿ ತಿರುಗಿಸುತ್ತ ಹೋದ. ಆಚೆ ಬದುವಿನಲ್ಲಿ ಏನೋ ಅಲುಗಾಡಿತು. ಅಲ್ಲಿಗೆ ಹಿಡಿದ.

ಭೀಮಬಾಯಿ. ಹಣೆಯ ಹಚ್ಚೆ, ಮೂಗಿನ ನತ್ತು, ಎಲ್ಲವೂ ಸ್ಪಷ್ಟ. ಹಂದಿಯಲ್ಲ, ಅವಳೇ. ಮನಸ್ಸು ಎಷ್ಟು ಹಗುರವಾಯಿತೆಂದರೆ ಅವನಿಗೆ ನಗು ಬಂತು.

ಆಗ ಅವಳು ತಲೆ ಎತ್ತಿದಳು. ಕೈಯಿಂದ ಕುಡುಗೋಲು ಜಾರಿತು. ಎರಡೂ ಅಂಗೈಗಳನ್ನು ಮುಖಕ್ಕೆ ಅಡ್ಡ ಹಿಡಿದಳು. ಗಾಜಿನೊಳಗಿನ ಗುರಿ ತೋರುವ ಕರಿ ಗೆರೆಗಳು ಆ ಅಂಗೈಗಳ ಮೇಲೆಯೇ ಕೂಡಿದ್ದವು.

ತೋಟಾ ಜೇಬಿನಲ್ಲಿದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಬಂದೂಕು ಕೆಳಗಿಟ್ಟು ಬೇಗಬೇಗ ತಿರುಪು ತಿರುಗಿಸಿದ. ತಿರುಪುಗಳ ಕಿವಿಗಳು ಕೈಗೆ ಸಿಕ್ಕವು. ಜೀನು ಎರಡು ಹೋಳಾಗಿ ಬಿಚ್ಚಿಕೊಂಡಿತು. ಲಕ್ಷ್ಮಿಕಾಂತ ನಿನ್ನೆ ಡ್ರಿಲ್ ಒತ್ತಿದ್ದರೆ ಬಂದೂಕು ದುರ್ಬೀನು ಎರಡನ್ನೂ ಹೀಗೆ ಬರಿಗೈಯಿಂದ ಬೇರೆ ಮಾಡಲು ಬರುತ್ತಿರಲಿಲ್ಲ ಎನಿಸಿತು. ಬಂದೂಕನ್ನು ಬೇವಿನ ಬುಡದಲ್ಲಿ ಕಂಬಳಿಯೊಳಗೆ ಸುತ್ತಿಟ್ಟು ದುರ್ಬೀನನ್ನಷ್ಟೇ ಹಿಡಿದು ಬದುವಿನ ಕಡೆ ನಡೆದ.

"ಏನೋ ಗೊಲ್ಲಾಳಪ್ಪ, ನಿನ್ನ ಕಣ್ಣಿಗಿ ಹಂದಿ ಕಂಡಂಗ ಕಂಡೆನೇನು?" ಭೀಮಬಾಯಿ ನಿಂತಲ್ಲಿಂದಲೇ ಕೂಗಿದಳು. ದನಿ ಇನ್ನೂ ಸರಿಯಾಗಿರಲಿಲ್ಲ.

"ಯಕ್ಕಾ, ತೋಟಾ ಇದ್ದಿಲ್ಲ. ಬರೇ ನೋಡಾಕತ್ತಿದ್ದೆ."

"ನೋಡ್ಲಾಕ ಬಂದೂಕ ಹಿಡೀತಾರೇನು?"

"ತಪ್ಪಾತು. ಇನ್ನ ಹಿಡಿಯಂಗಿಲ್ಲ." ನೆಲ ನೋಡುತ್ತ ಹೇಳಿದ, "ಮೂರು ವಾರದ ಹಿಂದ ತೋಟಾ ಇತ್ತು. ನೀ ಕೆಮ್ಮಿದ್ದಿ. ಅದಕ್ಕೇ ನೀ ಉಳದಿ, ನಾನೂ."

ಭೀಮಬಾಯಿ ಅವನ ಮುಖವನ್ನೇ ನೋಡಿದಳು. ದೂರದಲ್ಲಿ ಸೇಡಂ ಕಡೆಯ ಗೂಡ್ಸ್ ಗಾಡಿ ಹೋಯಿತು. ಆಮೇಲೆ ಅವಳು ಕುಪ್ಪಸದೊಳಗಿನಿಂದ ಬೀಡಿ ಕಟ್ಟು ತೆಗೆದು ಒಂದನ್ನು ಹಚ್ಚಿದಳು.

"ಬೀಡಿ ಬಿಡು, ಬೀಡಿ ಬಿಡು ಅಂತ ನನ್ನ ಮಗ ದಿನಾ ಜೀವ ತಿಂತಾನ," ಎಂದಳು. "ಮನಿಗಿ ಬಂದು ಅವಗ ಈ ಕೆಮ್ಮಿನ ಮಾತು ನೀನೇ ಹೇಳು."

ನಗಬೇಕೋ ಬೇಡವೋ ತಿಳಿಯದೆ ಅವನು ದುರ್ಬೀನನ್ನು ಅವಳ ಮುಂದೆ ಹಿಡಿದ. "ನೋಡು. ಊರಿನ ಕಡಿ ಹಿಡಿ."

ಬೀಡಿಯನ್ನು ತುಟಿಯ ಮೂಲೆಗೆ ಸರಿಸಿ ಅವಳು ಒಂದು ಕಣ್ಣು ಮುಚ್ಚಿದಳು. ಎಲ್ಲೆಲ್ಲೋ ತಿರುಗಿಸಿ ಕೊನೆಗೆ ನಿಂತಳು. "ಇದ್ಯಾರ ಮಾಳಿಗಿ... ನಮ್ಮದೇ. ನಮ್ಮ ಸೊಸಿ ಜಗದೇವಿ. ಜೋಳ ಹಸನ ಮಾಡಂದು ಬಂದೀನಿ, ತಲಿ ಬಾಚ್ಕೋತ ಕುಂತಾಳ." ಬಯ್ಯಲು ಬಾಯಿ ತೆರೆದವಳು ಹಾಗೆಯೇ ತಡೆದಳು. ಬೀಡಿ ಆರಿತು.

"ಭಾಳ ತೆಳ್ಳಗಾಗ್ಯಾಳ," ಎಂದಳು ಮೆಲ್ಲಗೆ.

ಗೊಲ್ಲಾಳಪ್ಪ ಬಗ್ಗಿ ಅವಳ ಕುಡುಗೋಲು ಎತ್ತಿಕೊಂಡ. ಕೊಯ್ದು ಬಿಟ್ಟಿದ್ದ ಹುಲ್ಲನ್ನು ಒಟ್ಟುಗೂಡಿಸಿ ಹೊರೆ ಕಟ್ಟಿದ. ಹೊತ್ತು ಕೆಂಪಾಗಿ ಇಳಿಯುತ್ತಿತ್ತು. ಭೀಮಬಾಯಿ ಮಾತ್ರ ದುರ್ಬೀನು ಕೆಳಗಿಳಿಸಲಿಲ್ಲ.