ಭಾನುವಾರದ ಹೊಲಕ್ಕೊಂದು ಯಂತ್ರ

ಮೂರು ವಾರದಿಂದ ರೆಮೆದಿಯೋಸ್, ಎಲ್ಲರ ಬಾಯಲ್ಲಿ ರೆಮೆ, ತನ್ನ ಹೊಲಕ್ಕೆ ಕಾಲಿಟ್ಟಿರಲಿಲ್ಲ. ಹೊಲವೆಂದರೆ ಮಣ್ಣಿನದಲ್ಲ, ಕಂಪ್ಯೂಟರ್ ಆಟದ್ದು. ಆದರೆ ಅದನ್ನು ಬರೀ ಆಟ ಎಂದು ಹಗುರವಾಗಿ ಮಾತಾಡಿದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ನಾಲ್ಕು ವರ್ಷದಿಂದ ಅಲ್ಲಿ ಜೋಳ ಬಿತ್ತಿದ್ದಳು, ಹಂದಿ ಸಾಕಿದ್ದಳು, ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ತಂಗಿ ಒಬ್ದೂಲಿಯಾಳ ಪಕ್ಕದಲ್ಲಿ ನಿಂತು ಕಳೆ ಕಿತ್ತಿದ್ದಳು. ತಂಗಿ ಇರುವುದು ಶಿಕಾಗೋದಲ್ಲಿ, ಒಂದು ಹೋಟೆಲಿನ ಬಟ್ಟೆ ಒಗೆಯುವ ಕೆಲಸದಲ್ಲಿ. ಕಾಗದಪತ್ರವಿಲ್ಲದೆ ಗಡಿ ದಾಟಿದವಳು; ಒಮ್ಮೆ ಊರಿಗೆ ಬಂದರೆ ವಾಪಸು ಹೋಗುವಂತಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಅಕ್ಕತಂಗಿಯರು ಒಂದೇ ನೆಲದ ಮೇಲೆ ಜೊತೆಯಾಗಿ ನಿಂತದ್ದು ಆ ಹೊಲದಲ್ಲಿ ಮಾತ್ರ.

ಆಟಕ್ಕೆ ಹೊಸ ಆವೃತ್ತಿ ಬಂದದ್ದೇ ತಡ, ರೆಮೆಯ ಹಳೆಯ ಕಂಪ್ಯೂಟರ್ ಎರಡು ಸಲ ಗೊರಗುಟ್ಟಿ ಶಾಶ್ವತವಾಗಿ ಮಲಗಿಬಿಟ್ಟಿತು.

"ಈ ಭಾನುವಾರ ನೀನು ಬರ್ಲಿಲ್ಲ ಅಂದ್ರೆ ನನ್ ಜೊತೆ ಕೆಲ್ಸ ಮಾಡೋ ಹೊಂಡುರಾಸಿನವಳನ್ನ ಹೊಲಕ್ಕೆ ಸೇರಿಸ್ಕೋತೀನಿ ನೋಡು," ಎಂದು ತಂಗಿ ಫೋನಿನಲ್ಲಿ ಹೆದರಿಸಿದಳು. ಆ ಹೊಲದಲ್ಲಿ ಇಬ್ಬರಿಗಷ್ಟೇ ಜಾಗ.

"ಸೇರಿಸ್ಕೋ ನೋಡೋಣ! ನನ್ನ ಹಂದಿ ಮುಟ್ಟಿದ್ರೆ ಅವಳ ಕೈ ಮುರೀತೀನಿ."

"ನಿನ್ನ ಹಂದಿಗೆ ಮೂರು ವಾರದಿಂದ ಮೇವು ಹಾಕ್ತಿರೋಳು ನಾನು ಕಣೇ, ಮಹಾರಾಣಿ." ಆಮೇಲೆ ದನಿ ಸಣ್ಣಗಾಯಿತು. "ಒಬ್ಳೇ ಬೇಜಾರಾಗ್ತದೆ ಅಕ್ಕ. ವಾರಕ್ಕೆ ಇರೋದು ಅದೊಂದೇ ರಜ."

ರೆಮೆ ಇನ್ನು ತಡಮಾಡಲಿಲ್ಲ. ಶುಕ್ರವಾರ ಬೆಳಿಗ್ಗೆ ಒಬ್ಲಾತೋಸ್ ಬಡಾವಣೆಯ ತನ್ನ ಹೊಲಿಗೆ ಅಂಗಡಿಗೆ ಬೀಗ ಜಡಿದು, ಕೂಡಿಟ್ಟಿದ್ದ ನಾಲ್ಕು ಸಾವಿರ ಪೆಸೊ ಎದೆಯಲ್ಲಿ ಸಿಕ್ಕಿಸಿಕೊಂಡು, ಗ್ವಾದಲಹಾರಾ ಪೇಟೆಯ ಬಸ್ಸು ಹತ್ತಿದಳು.

ಕಂಪ್ಯೂಟರ್ ಮಳಿಗೆಗಳ ಆ ಕಟ್ಟಡದಲ್ಲಿ ಮೊದಲು ಕೈ ಹಿಡಿದೆಳೆದವನು ಗಮಾಲಿಯೆಲ್. ಅವನ ಅಂಗಡಿಯಲ್ಲಿ ಎಲ್ಲವೂ ಮಿನುಗುತ್ತಿತ್ತು: ಡಬ್ಬ ಮಿನುಗು, ಫ್ಯಾನು ಮಿನುಗು, ಇಲಿಯಂಥ ಮೌಸೂ ಮಿನುಗು.

"ಬನ್ನಿ ಅಕ್ಕಾವ್ರೇ, ಈ ಗಾಜಿನ ಡಬ್ಬ ನೋಡಿ. ಹದಿನಾರು ಬಣ್ಣ!"

"ನಂಗೆ ಕಂಪ್ಯೂಟರ್ ಬೇಕಪ್ಪ, ಕ್ರಿಸ್‌ಮಸ್ ಮರ ಅಲ್ಲ. ಬಣ್ಣ ತೆಗೆದ್ರೆ ಒಳಗೇನಿದೆ?"

ಒಳಗೆ ಹೆಚ್ಚೇನೂ ಇರಲಿಲ್ಲ. ಗಮಾಲಿಯೆಲ್ ತಲೆ ಕೆರೆದುಕೊಂಡ. ಎದುರು ಮಳಿಗೆಯ ಯಾದೀರಾ ಕಿಸಕ್ಕನೆ ನಕ್ಕಳು. ಮೂವತ್ತರ ಆಸುಪಾಸಿನ, ಬಾಯಲ್ಲಿ ಸ್ಕ್ರೂಗಳನ್ನು ಕಚ್ಚಿಕೊಂಡೇ ಮಾತಾಡುವ ಹೆಣ್ಣು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮೂವತ್ತು ವರ್ಷ ಹೊಲಿದ ರೆಮೆಗೆ ಅವಳು ಆ ಕ್ಷಣವೇ ಹಿಡಿಸಿಬಿಟ್ಟಳು.

"ಯಾವ ಆಟ ಅಕ್ಕಾವ್ರೇ? ಗುಂಡು ಹಾರ್ಸೋದಾ, ಕಾರು ಓಡ್ಸೋದಾ?"

"ಜೋಳ ಬೆಳೆಯೋದು."

"ಹಾಗಾದ್ರೆ ಹೊಸಾದಕ್ಕೆ ದುಡ್ಡು ಸುರೀಬೇಡಿ." ಯಾದೀರಾ ಮೂಲೆಯಿಂದ ಒಂದು ಬೂದು ಬಣ್ಣದ ಪೆಟ್ಟಿಗೆ ಎಳೆದಳು. "ಇದು ಆಫೀಸಲ್ಲಿದ್ದ ಯಂತ್ರ. ಎಂಟು ವರ್ಷ ಬರೀ ಲೆಕ್ಕ ಮಾಡ್ಕೊಂಡು ಕೂತಿತ್ತು, ಮೈ ಸವೆದಿಲ್ಲ. ಇದಕ್ಕೆ ಮೆಮೊರಿ ಕಡ್ಡಿ ಇನ್ನೊಂದು, ಜೊತೆಗೆ ಒಂದು ಹಳೇ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಮುಗೀತು. ಚಿತ್ರ ಬರೆಯೋದೆಲ್ಲ ಆ ಕಾರ್ಡೇ."

"ದೊಡ್ಡ ಕಾರ್ಡೇ ಹಾಕು, ತಾಯಿ."

"ಡಬ್ಬ ಚಿಕ್ಕದು, ಹಿಡಿಯಲ್ಲ. ಕರೆಂಟೂ ಸಾಕಾಗಲ್ಲ. ಕುಳ್ಳ ಕಾರ್ಡೇ ಬೇಕು."

ಅವಳು ಮೇಜಿನ ಮೇಲೆ ಎರಡು ಕುಳ್ಳ ಕಾರ್ಡುಗಳನ್ನಿಟ್ಟಳು. ರೆಮೆ ಒಂದನ್ನೆತ್ತಿ ಮೂಗಿನ ಹತ್ತಿರ ಹಿಡಿದು ಉಸಿರೆಳೆದಳು. ಹೊಲಿಗೆ ಯಂತ್ರದ ಮೋಟರು ಹೋಗಿದೆಯೋ ಇಲ್ಲವೋ ಎಂದು ಅವಳು ನೋಡುತ್ತಿದ್ದುದೂ ಹೀಗೆಯೇ.

"ಇದು ಬೇಡ. ಸುಟ್ಟ ವಾಸನೆ."

"ಅಬ್ಬಾ!" ಎಂದಳು ಯಾದೀರಾ. "ಅದನ್ನ ಮಾರಿದವನು ಹಗಲೂ ರಾತ್ರಿ ಎರಡು ವರ್ಷ ದುಡಿಸಿದ್ನಂತೆ. ನಾನೇ ಹೇಳೋಳಿದ್ದೆ."

ಎರಡನೆಯದಕ್ಕೆ ವಾಸನೆಯಿರಲಿಲ್ಲ. ಅದರ ಫ್ಯಾನಿಗೆ ಬಾಯಿಂದ ಊದಿ, ಕಿವಿಗೊಟ್ಟು ಕೇಳಿ, ರೆಮೆ ತಲೆಯಾಡಿಸಿದಳು. ಆಮೇಲೆ ಚೌಕಾಸಿ. ರೆಮೆ ಎರಡು ಸಲ ಎದ್ದು ಹೊರಟಳು, ಯಾದೀರಾ ಎರಡು ಸಲ ಕೂಗಿ ಕರೆದಳು, ಕೊನೆಗೆ ಬಸ್ ಚಾರ್ಜು ಉಳಿಯುವ ಬೆಲೆಗೆ ವ್ಯಾಪಾರ ಕುದುರಿತು. ಯಾದೀರಾ ಎಲ್ಲ ಜೋಡಿಸಿ, ಅಂಗಡಿಯ ಸ್ಕ್ರೀನಿನಲ್ಲಿ ಆಟ ಓಡಿಸಿ ತೋರಿಸಿದಳು. ಜೋಳದ ತೆನೆ ಒಂದೊಂದೂ ಗಾಳಿಗೆ ತೂಗುತ್ತಿತ್ತು. ರೆಮೆಯ ಮುಖ ಊರಗಲವಾಯಿತು.

ಸರಿ, ಮನೆಗೆ ತಂದಳು. ಶನಿವಾರವೆಲ್ಲ ಅರ್ಜೆಂಟಿನ ಮದುವೆ ಬಟ್ಟೆ. ಸಂಜೆ ಕೈ ತೊಳೆದು, ವೈರು ಸಿಕ್ಕಿಸಿ, ಯಂತ್ರ ಹಾಕಿದಳು. ಆಟ ತೆರೆಯಿತು. ಅವಳ ಗೊಂಬೆ ಒಂದು ಕಾಲೆತ್ತಿತು. ಆ ಕಾಲು ಕೆಳಗೆ ಬರುವಷ್ಟರಲ್ಲಿ ಒಂದು ತೋರ್ತಿಯಾ ರೊಟ್ಟಿಯ ಎರಡೂ ಬದಿ ಬೇಯಿಸಿ ತಿನ್ನಬಹುದಿತ್ತು. ಆರಿಸಿ ಮತ್ತೆ ಹಾಕಿದಳು. ಅದೇ ಕಥೆ.

"ಮೋಸ!" ಎಂದು ರೆಮೆ ಗೋಡೆಗೆ ಹೇಳಿದಳು. "ತೋರ್ಸಿದ್ದೊಂದು, ಕೊಟ್ಟಿದ್ದೊಂದು."

ಸಿಟ್ಟಿಗಿಂತ ಹೆಚ್ಚು ಅಳು ಬಂದಿತ್ತು. ನಾಳೆ ನಾಲ್ಕಕ್ಕೆ ಒಬ್ದೂಲಿಯಾ ಹೊಲದ ಬೇಲಿಯ ಹತ್ತಿರ ಕಾಯುತ್ತಾಳೆ, ಕಾಯುತ್ತಲೇ ಇರುತ್ತಾಳೆ. ಅದನ್ನು ನೆನೆದು ಅವಳಿಗೆ ಸರಿಯಾಗಿ ನಿದ್ದೆಯೂ ಹತ್ತಲಿಲ್ಲ.

ಭಾನುವಾರ ಅಂಗಡಿ ತೆರೆಯುವ ಹೊತ್ತಿಗೆ ರೆಮೆ, ತರಕಾರಿಯ ಗಾಲಿ ಚೀಲದಲ್ಲಿ ಯಂತ್ರವನ್ನು ಕೂರಿಸಿಕೊಂಡು ಮೊದಲ ಗಿರಾಕಿಯಾಗಿ ನಿಂತಿದ್ದಳು. ಎದುರು ಗಮಾಲಿಯೆಲ್ ಬಾಗಿಲೆತ್ತುತ್ತಿದ್ದವನು ಅರ್ಧಕ್ಕೇ ನಿಂತ.

"ಮುಖ ನೋಡಿ ನಂಬಿದೆ ನಿನ್ನ! ಬಾಯ್ತುಂಬ ಸ್ಕ್ರೂ, ಹೊಟ್ಟೆ ತುಂಬ ಮೋಸ! ನನ್ನ ಕಾರ್ಡ್ ಬದಲಾಯಿಸಿಟ್ಟು, ಯಾರದೋ ಸತ್ತ ಕಾರ್ಡ್ ಕೊಟ್ಟಿದೀಯ!" ಎಂದು ರೆಮೆ ಯಾದೀರಾಳ ಮೇಲೆ ಹರಿಹಾಯ್ದಳು.

ಅಕ್ಕಪಕ್ಕದವರೆಲ್ಲ ಕಾಫಿ ಲೋಟ ಹಿಡಿದು ಹತ್ತಿರ ಸರಿದರು. ಯಾದೀರಾ ಬಾಯಿಂದ ಸ್ಕ್ರೂ ತೆಗೆದಳು. ಅವಳ ಕಿವಿ ಕೆಂಪಾಗಿತ್ತು, ಆದರೂ ದನಿಯೇರಿಸಲಿಲ್ಲ.

"ಅಕ್ಕಾವ್ರೇ, ಒಂದೇ ಮಾತು ಕೇಳ್ತೀನಿ. ಸ್ಕ್ರೀನಿನ ವೈರು ಎಲ್ಲಿಗೆ ಚುಚ್ಚಿದ್ರಿ?"

"ಎಲ್ಲಿಗೆ ಅಂದ್ರೆ? ಕಿಂಡಿಗೆ!"

"ಯಾವ ಕಿಂಡಿಗೆ?"

"ಯಾವ ಕಿಂಡಿ ಅಂದ್ರೇನು, ಎಷ್ಟಿದೆ?"

ಗಮಾಲಿಯೆಲ್ "ಅಯ್ಯೋ!" ಎಂದು ಹಣೆ ಬಡಿದುಕೊಂಡ. ಯಾದೀರಾ ಯಂತ್ರವನ್ನು ತಿರುಗಿಸಿಟ್ಟು ಬೆನ್ನು ತೋರಿಸಿದಳು. ಮೇಲೆ ಒಂದು ಕಿಂಡಿ, ಪೆಟ್ಟಿಗೆಯ ಜೊತೆಯಲ್ಲೇ ಹುಟ್ಟಿದ್ದು. ಕೆಳಗೆ ಅಂಥದೇ ಇನ್ನೊಂದು, ಕಾರ್ಡಿನದು. ರೆಮೆ ಹಳೆಯ ಅಭ್ಯಾಸದಂತೆ ಮೇಲಿನದಕ್ಕೇ ಚುಚ್ಚಿದ್ದಳು. ಕಾರ್ಡು ಒಳಗೆ ಕೈಕಟ್ಟಿ ಕೂತು ಸುಮ್ಮನೆ ಫ್ಯಾನು ತಿರುಗಿಸಿಕೊಂಡಿತ್ತು. ಯಾದೀರಾ ವೈರನ್ನು ಕೆಳಗಿನ ಕಿಂಡಿಗೆ ಚುಚ್ಚಿದಳು. ಜೋಳ ತೂಗಿತು, ಗೊಂಬೆ ಕುಣಿದಂತೆ ಓಡಿತು.

ರೆಮೆಗೆ ನೆಲ ಬಿರಿದರೆ ಸಾಕೆನಿಸಿತು.

"ನಾಚ್ಕೋಬೇಡಿ ಅಕ್ಕಾವ್ರೇ," ಎಂದ ಗಮಾಲಿಯೆಲ್. "ನಾನು ಇದೇ ಕಸುಬಿನವನು. ದುಬಾರಿ ಕಾರ್ಡ್ ಕೊಂಡು ಎಂಟು ತಿಂಗಳು ಮೇಲಿನ ಕಿಂಡೀಲೇ ಆಡ್ದೆ. ಆಟ ಮಾಡಿದವನಿಗೆ ಬೈದು ಕಾಗದ ಬೇರೆ ಬರೆದಿದ್ದೆ."

"ನಾನೂ," ಎಂದಿತು ಹಿಂದಿನಿಂದ ಒಂದು ದನಿ. "ನಾನು ಎರಡು ಸಲ," ಎಂದಿತು ಇನ್ನೊಂದು. ಮೊದಲು ನಕ್ಕವಳು ರೆಮೆಯೇ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ದಾರ ಪೋಣಿಸದೆ ಬರೀ ಸೂಜೀಲಿ ಹೊಲಿದಿದೀನಲ್ಲ! ತಪ್ಪಾಯ್ತು ಮಗಳೇ, ಬಾಯಿಗೆ ಬಂದ ಹಾಗೆ ಬೈದೆ."

"ಬೈಗುಳ ಚೆನ್ನಾಗಿತ್ತು, ಅಕ್ಕಾವ್ರೇ. ಬರ್ಕೊಂಡಿದ್ರೆ ಉಪಯೋಗಕ್ಕೆ ಬರ್ತಿತ್ತು," ಎಂದಳು ಯಾದೀರಾ. ರೆಮೆ ಕೆಳಗಿನ ಬೀದಿಯಿಂದ ಖಾರದ ಸಾರಿನಲ್ಲಿ ಮುಳುಗಿಸಿದ, ಹಂದಿಮಾಂಸ ತುಂಬಿದ ತೋರ್ತಾ ಬನ್ನು ತಂದುಕೊಟ್ಟು, ಅವಳು ತಿಂದು ಬೆವರುವುದನ್ನು ನೋಡಿಯೇ ಹೊರಟಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ರೆಮೆ ಹೊಲದಲ್ಲಿದ್ದಳು. ಬೇಲಿಯಾಚೆಯಿಂದ ಒಂದು ಹುಲ್ಲು ಟೋಪಿ ಓಡೋಡಿ ಬಂತು.

"ಬಂದ್ಯಾ!" ಕಿವಿಗೆ ಸಿಕ್ಕಿಸಿದ ಹೆಡ್‌ಫೋನಿನಲ್ಲಿ ಒಬ್ದೂಲಿಯಾ ಕಿರುಚಿದಳು. "ಬಾ ಬಾ, ಒಂದು ತೋರಿಸ್ಬೇಕು. ಒಬ್ಳೇ ಇದ್ದೆನಲ್ಲ, ಅದಕ್ಕೇ ಕಟ್ದೆ."

ಕಾಲುವೆಯ ಪಕ್ಕದಲ್ಲಿ ಒಂದು ಮನೆ. ನೀಲಿ ಬಾಗಿಲು, ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲು, ನಿಂಬೆ ಗಿಡ. ಅವರಿಬ್ಬರೂ ಹುಟ್ಟಿ ಬೆಳೆದ ಮನೆ. ರೆಮೆ ಈಗ ಕೂತಿರುವುದೂ ಅದೇ ಮನೆಯಲ್ಲಿ. ಅಳಬಾರದೆಂದು ಜಗಳ ತೆಗೆದಳು.

"ನಿಂಬೆ ಗಿಡ ಬಾಗಿಲ ಬಲಕ್ಕೆ ಹಾಕಿದೀಯಲ್ಲೇ ಕತ್ತೆ, ಅದಿರೋದು ಎಡಕ್ಕೆ."

"ಬಲಕ್ಕೇ! ಅದರ ಕೆಳಗೇ ತಾನೇ ಅಮ್ಮ ನನ್ನ ಜಡೆ ಹಾಕ್ತಿದ್ದಿದ್ದು?"

"ಜಡೆ ಹಾಕ್ತಿದ್ದಿದ್ದು ಕಲ್ಲಿನ ಹತ್ರ. ಗಿಡ ಎಡಕ್ಕೇ ಇದೆ. ಬೇಕಾದ್ರೆ ಬಂದು ನೋಡು!"

ಮಾತು ಬಾಯಿ ಬಿಟ್ಟಮೇಲೆ ರೆಮೆ ನಾಲಿಗೆ ಕಚ್ಚಿಕೊಂಡಳು. ಹುಲ್ಲು ಟೋಪಿ ಅಲ್ಲಾಡದೆ ನಿಂತಿತ್ತು.

"ಬಂದೇ ಇದೀನಲ್ಲೇ," ಎಂದಳು ಒಬ್ದೂಲಿಯಾ. "ನಿನ್ನ ಪಕ್ಕದಲ್ಲೇ ನಿಂತಿದೀನಿ. ಎಲ್ಲಿ, ತೋರ್ಸು."

ರೆಮೆ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, ಬಾಗಿಲ ಎಡಕ್ಕೆ ಗುದ್ದಲಿ ಹಾಕಿ ಗುಂಡಿ ತೋಡಿದಳು. ತಂಗಿ ಗಿಡವನ್ನು ಎತ್ತಿ ತಂದು ಅದರಲ್ಲಿ ನಿಲ್ಲಿಸಿದಳು.